ವಿಧಿಯ ತಲೆಗೆ ಕಟ್ಟಬೇಡ

ಬಸವನಗುಡಿ, ಬೆಂಗಳೂರು

ಮಗೂ,

ನಿನ್ನ ಕಥೆ ಓದಿದೆ. ಕಾಗುಣಿತದ ತಪ್ಪಿಗೆಲ್ಲ ಕ್ಷಮೆ ಕೇಳಿದ್ದೀಯ. ಬಿಡು, ಅದನ್ನು ಯಾರು ಬೇಕಾದರೂ ತಿದ್ದುತ್ತಾರೆ. ‘ಪಿಜಿಯಲ್ಲಿ ಓದಿದವರೆಲ್ಲ ಅತ್ತುಬಿಟ್ಟರು ಮೇಡಂ’ ಅಂದಿದ್ದೀಯಲ್ಲ, ನನಗೆ ಭಯ ಆಗಿದ್ದು ಅಲ್ಲಿ. ಹರೆಯದ ಹುಡುಗಿ ಸತ್ತರೆ ಯಾರು ತಾನೆ ಅಳಲ್ಲ? ಅದರಲ್ಲಿ ನಿನ್ನ ಹೆಚ್ಚುಗಾರಿಕೆ ಏನು ಬಂತು?

ರೋಮಿಯೊ ಜೂಲಿಯೆಟ್ ನಿನಗೆ ಮಾದರಿಯಂತೆ. ನಾಟಕ ಪೂರ್ತಿ ಓದಿದ್ದೀಯಾ, ಇಲ್ಲ ಬಾಲ್ಕನಿ ದೃಶ್ಯ ಮಾತ್ರಾನಾ? ಶುರುವಿನಲ್ಲಿ ಆ ಹುಡುಗ ಕೊರಗುವುದು ರೋಸಲೈನ್ ಎಂಬ ಬೇರೆ ಹುಡುಗಿಗಾಗಿ. ಅವಳನ್ನು ನೋಡೋಕೆ ಅಂತಲೇ ಔತಣಕ್ಕೆ ಹೋಗಿ ಜೂಲಿಯೆಟ್‌ಗೆ ಮರುಳಾಗುತ್ತಾನೆ. ಮಾರನೇ ದಿನವೇ ಮದುವೆ. ಅವಳಿಗಿನ್ನೂ 14 ತುಂಬಿಲ್ಲ. ಭಾನುವಾರ ಶುರುವಾದದ್ದು ವಾರ ತುಂಬುವ ಮುಂಚೆ ಗೋರಿಯಲ್ಲಿ ಮುಗಿಯುತ್ತದೆ. ಇದನ್ನು ಅಮರ ಪ್ರೇಮ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಎಲ್ಲರೂ ವಿಧಿ ಅನ್ನುತ್ತಾರೆ. ಜೂಲಿಯೆಟ್ ಸತ್ತಿಲ್ಲ, ಮದ್ದು ಕುಡಿದು ಸತ್ತಂತೆ ಮಲಗಿದ್ದಾಳೆ ಅಂತ ರೋಮಿಯೊಗೆ ತಿಳಿಸುವ ಪಾದ್ರಿಯ ಪತ್ರ ತಲುಪಲಿಲ್ಲ, ನಿಜ. ಒಯ್ಯಬೇಕಾದವನನ್ನು ಪ್ಲೇಗಿನ ಅನುಮಾನದಿಂದ ಕೂಡಿಹಾಕಿದ್ದರು. ಆದರೆ ಜೂಲಿಯೆಟ್‌ಳ ಅಪ್ಪನನ್ನು ನೋಡು. ಮೊದಲು ‘ಇನ್ನೆರಡು ಬೇಸಿಗೆ ಕಳೆಯಲಿ’ ಅಂದವನು ಆಮೇಲೆ ಮಗಳನ್ನು ಕೇಳದೆ, ಅವಳ ಗುಟ್ಟಿನ ಮದುವೆ ಗೊತ್ತಿಲ್ಲದೆ, ಬೇರೊಬ್ಬನ ಜೊತೆ ಗುರುವಾರ ಮದುವೆ ಅಂತ ನಿಶ್ಚಯ ಮಾಡುತ್ತಾನೆ. ಅವಳು ತಪ್ಪಾಯ್ತು ಅಂತ ಬಂದರೆ, ಖುಷಿಯಲ್ಲಿ ಬುಧವಾರಕ್ಕೇ ಎಳೆದುಬಿಡುತ್ತಾನೆ. ಹಾಗಾಗಿ ಅವಳು ಮದ್ದು ಕುಡಿಯುವುದೂ ಒಂದು ರಾತ್ರಿ ಮುಂಚೆ. ಪಾದ್ರಿಯೋ, ಗೋರಿಯ ಹತ್ತಿರ ಸದ್ದು ಕೇಳಿದ್ದೇ ತಡ, ಆ ಮಗುವನ್ನು ರೋಮಿಯೊನ ಹೆಣದ ಪಕ್ಕ ಬಿಟ್ಟು ಓಡುತ್ತಾನೆ. ಇದೆಲ್ಲ ದೊಡ್ಡವರು ಮಾಡಿದ್ದು, ವಿಧಿ ಅಲ್ಲ.

1889ರಲ್ಲಿ ಇದೇ ನಾಟಕ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ಬಂದಾಗ ವಿಷ್ಣುವೇ ಬಂದು ಇಬ್ಬರನ್ನೂ ಬದುಕಿಸಿದ. ನಗಬೇಡ. ವಿಧಿ ಕೊಲ್ಲಬಹುದಾದರೆ ವಿಷ್ಣು ಯಾಕೆ ಬದುಕಿಸಬಾರದು?

ಈಗ ನಿನ್ನ ಕಥೆ. ಹುಡುಗ ಮೆಜೆಸ್ಟಿಕ್‌ನಲ್ಲಿ ಕಾಯುತ್ತಾನೆ, ಅವಳ ಫೋನ್ ಸ್ವಿಚ್ ಆಫ್. ‘ವಿಧಿಯಾಟ’ ಅಂತ ಬರೆದು ಇಬ್ಬರನ್ನೂ ಮುಗಿಸಿದ್ದೀಯ. ಫೋನ್ ತಾನಾಗೇ ಆಫ್ ಆಯ್ತಾ? ಅಮ್ಮ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಮೇಲೆ ಪಾವು ಇಟ್ಟು, ಮುಚ್ಚಳ ಹಾಕಿ, ಮಗಳನ್ನು ಊಟಕ್ಕೆ ಕರೆದಳು ಅಂತ ನೀನೇ ಬರೆದಿದ್ದೀಯಲ್ಲ! ಆ ಸಾಲಿಗೆ ನಿನ್ನ ಬೆನ್ನು ತಟ್ಟಬೇಕು ಅನ್ನಿಸಿತು. ಆಮೇಲೆ ಆ ಅಮ್ಮ ಎಲ್ಲಿ ಹೋದಳು? ಅವಳ ಮೇಲೆ ತಪ್ಪು ಹೊರಿಸೋಕೆ ನಿನಗೆ ಮನಸ್ಸಾಗಲಿಲ್ಲ, ಅಲ್ವಾ? ಅದು ಯಾರ ಅಮ್ಮ ಅಂತ ನಾನು ಕೇಳಲ್ಲ.

ಹಿಂದೆ ಒಂದು ವಾರಪತ್ರಿಕೆಯವರು ‘ಧಾರಾವಾಹಿ ಸಪ್ಪೆ ಆಗ್ತಿದೆ, ನಾಯಕಿಯನ್ನು ಸಾಯಿಸಿ’ ಅಂದರು. ಸುಮ್ನೆ ಯಾಕೆ ಸಾಯಬೇಕು, ಆಗಲ್ಲ ಅಂದೆ. ಆಮೇಲೆ ಅವರ ಯುಗಾದಿ ವಿಶೇಷಾಂಕಕ್ಕೆ ನನ್ನನ್ನು ಕೇಳಲೇ ಇಲ್ಲ. ಈಗಲೂ ಆ ಪತ್ರಿಕೆ ಕಂಡರೆ ಮೈ ಉರಿಯುತ್ತದೆ.

ಅಮ್ಮನಿಂದ ಮತ್ತೆ ಶುರು ಮಾಡು. ಅವಳಿಗೆ ಯಾರ ಭಯ, ಗಂಡನದಾ, ಓರಗಿತ್ತಿಯದಾ, ಬೀದಿಯವರದಾ? ಅದು ಗೊತ್ತಾದ ಮೇಲೆ ಹುಡುಗ ಹುಡುಗಿ ಸಾಯುವ ಮಾತು ನೋಡೋಣ. ದಸರಾ ರಜೆಗೆ ಊರಿಗೆ ಹೋಗುವ ಮುಂಚೆ ಕಳಿಸು. ಅಕ್ಷರ ಸ್ವಲ್ಪ ದಪ್ಪ ಇರಲಿ, ನನ್ನ ಕನ್ನಡಕ ಹಳೇದು.

ಪ್ರೀತಿಯಿಂದ,
ನಿನ್ನ ಮೇಡಂ