ಅಕ್ಟೋಬರ್ 10ರ ಭಾಷಣ ಸಾಲದು, ವೇಳಾಪಟ್ಟಿಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ವಿಶ್ವ ಮಾನಸಿಕ ಆರೋಗ್ಯ ದಿನ ಬಂತೆಂದರೆ ಬೆಂಗಳೂರಿನ ಅನೇಕ ಶಾಲೆಗಳಲ್ಲಿ ಎಂಟರಿಂದ ಹತ್ತನೇ ತರಗತಿವರೆಗಿನ ಮಕ್ಕಳನ್ನೆಲ್ಲ ಒಂದೇ ಕಡೆ ಕೂರಿಸಿ ಮುಕ್ಕಾಲು ಗಂಟೆ ಭಾಷಣ ಮಾಡಿಸುತ್ತಾರೆ. ಫೋಟೊ ತೆಗೆದು ವರದಿ ಕಳಿಸಿದರೆ ಆ ವರ್ಷದ ಕೆಲಸ ಮುಗಿಯಿತು. ಖಿನ್ನತೆ, ಆತಂಕ ಮಕ್ಕಳನ್ನು ಹಿಡಿಯುವ ಮೊದಲೇ ತಡೆಯಬೇಕೆಂದರೆ ಇದು ಎಲ್ಲಿಗೂ ಸಾಲದು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಮ್ಮ ನಿಮ್ಹಾನ್ಸ್ ಮುನ್ನಡೆಸಿತ್ತು. 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಕ್ಕಳಿಗೆ, ಮಹಾನಗರಗಳಲ್ಲಿ ಶೇ 13.5ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಇರುವುದು ಅದರಲ್ಲಿ ಕಂಡುಬಂತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೂ ಮಹಾನಗರದ ಲೆಕ್ಕ ಹಿಡಿದರೆ 60 ಮಕ್ಕಳ ಒಂದು ಸೆಕ್ಷನ್‌ನಲ್ಲಿ ಎಂಟು ಮಕ್ಕಳು.

ಏನು ಮಾಡಿದರೆ ಫಲ ಸಿಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದ್ದಾರೆ. ಬಿಹಾರದ ನಳಂದ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದ ‘ಸೆಹೆರ್’ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗೋಡೆ ಪತ್ರಿಕೆ, ದೂರು ಹಾಕುವ ಪೆಟ್ಟಿಗೆ, ಗುಂಪು ಚರ್ಚೆ, ಒಬ್ಬೊಬ್ಬರ ಜೊತೆ ಆಪ್ತಸಮಾಲೋಚನೆ, ಹೀಗೆ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಕಾರ್ಯಕರ್ತರಿಂದ, ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರಿಂದ ಮಾಡಿಸಿದರು. ಕಾರ್ಯಕರ್ತರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಮಕ್ಕಳು ಮಕ್ಕಳನ್ನು ಪೀಡಿಸುವುದೂ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ನಮ್ಮ ಮೇಷ್ಟ್ರುಗಳ ಯೋಗ್ಯತೆಯ ಬಗ್ಗೆ ಇದು ತೀರ್ಪಲ್ಲ. ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಪಾಠಗಳನ್ನು ಕರ್ನಾಟಕದ ಶಿಕ್ಷಕರೇ ನಡೆಸಿ ಒಳ್ಳೆಯ ಫಲಿತಾಂಶ ತೋರಿಸಿದ್ದಾರೆ. ಆದರೆ ಅಂಕ ಹಾಕುವವರ ಮುಂದೆ, ಅಪ್ಪ ಅಮ್ಮನನ್ನು ಕರೆಸುವವರ ಮುಂದೆ ಮಗು ಒಳಗಿನ ಸಂಕಟ ಬಿಚ್ಚಿಡುವುದು ಕಷ್ಟ. ಪಾಠವನ್ನು ಶಿಕ್ಷಕರಿಗೆ ಬಿಡೋಣ, ಗುಟ್ಟು ಕೇಳಿಸಿಕೊಳ್ಳುವ ಕೆಲಸ ಬೇರೆಯವರಿಗಿರಲಿ.

ಯುರೋಪಿನ 10 ದೇಶಗಳ 168 ಶಾಲೆಗಳ ಅಧ್ಯಯನ (2015) ಇನ್ನೂ ಸ್ಪಷ್ಟ. ಅಲ್ಲಿ ಒಂದು ಗುಂಪಿನ ಮಕ್ಕಳಿಗೆ ಮಾನಸಿಕ ಆರೋಗ್ಯದ ತರಗತಿ ನಡೆಸಿದರು, ನಾಲ್ಕು ವಾರದಲ್ಲಿ ಒಟ್ಟು ಐದೇ ಗಂಟೆ. ಅದರಲ್ಲಿ ಮೂರು ಗಂಟೆ ಮಕ್ಕಳೇ ಪಾತ್ರ ಹಾಕಿ ಅಭಿನಯಿಸುವುದು. ವರ್ಷದ ನಂತರ ನೋಡಿದಾಗ ಆತ್ಮಹತ್ಯೆಗೆ ಯತ್ನಿಸಿದವರು ಹೋಲಿಕೆಯ ಗುಂಪಿನಲ್ಲಿ ಶೇ 1.51, ಈ ಗುಂಪಿನಲ್ಲಿ ಶೇ 0.70. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟ ಶಾಲೆಗಳಲ್ಲಿ, ಪ್ರಶ್ನಾವಳಿ ಹಂಚಿ ಮಕ್ಕಳನ್ನು ಗುರುತಿಸಿದ ಶಾಲೆಗಳಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಪ್ರಾರ್ಥನೆಯ ಜೊತೆ ಐದು ನಿಮಿಷ ಧ್ಯಾನ ಮಾಡಿಸಿದರೆ ಸಾಕು ಎನ್ನುವವರೂ ಇದ್ದಾರೆ. ಬ್ರಿಟನ್ನಿನ 84 ಶಾಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು ಪಾಠದಂತೆಯೇ ಧ್ಯಾನ ಕಲಿಸಿದರು. ಮಾಮೂಲಿ ತರಗತಿಗಿಂತ ಹೆಚ್ಚಿನ ಪ್ರಯೋಜನ ಆಗಲಿಲ್ಲವೆಂದು 2022ರಲ್ಲಿ ವರದಿಯಾಯಿತು.

ಅಭಿನಯದ ತರಗತಿಯನ್ನು ನಮ್ಮಲ್ಲಿ ಹೇಗೆ ಮಾಡಬಹುದು? 60 ಮಕ್ಕಳನ್ನು ಒಟ್ಟಿಗೆ ಇಟ್ಟುಕೊಂಡರೆ ಆಗದು. ಒಂದು ವಾರ 30 ಮಕ್ಕಳು ಮೈದಾನಕ್ಕೆ, 30 ಮಕ್ಕಳು ಈ ತರಗತಿಗೆ, ಮುಂದಿನ ವಾರ ಅದಲು ಬದಲು. 40 ನಿಮಿಷ ಸಾಲದು, ಬೆನ್ನು ಬೆನ್ನಿಗೆ ಎರಡು ಪಿರಿಯಡ್ ಬೇಕು. ಬೆಂಚುಗಳನ್ನು ಗೋಡೆಗೆ ಸರಿಸಿ, ಮೊದಲ ಹತ್ತು ನಿಮಿಷ ನಿಯಮ ಹೇಳಬೇಕು: ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ಸ್ವಂತ ವಿಷಯ ಹೇಳಲೇಬೇಕೆಂದಿಲ್ಲ, ಆದರೆ ಯಾರದ್ದಾದರೂ ಜೀವಕ್ಕೆ ಅಪಾಯವಿದ್ದರೆ ಅಥವಾ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಹಿರಿಯರಿಗೆ ತಿಳಿಸಲೇಬೇಕಾಗುತ್ತದೆ. ಪೋಕ್ಸೊ ಕಾಯ್ದೆಯ ಪ್ರಕಾರ ದೌರ್ಜನ್ಯ ಮುಚ್ಚಿಡುವಂತಿಲ್ಲ. ಇದನ್ನು ಮೊದಲೇ ಹೇಳದೆ ಆಮೇಲೆ ಹೇಳಿದರೆ ಮಗುವಿಗೆ ಮೋಸ ಹೋದಂತಾಗುತ್ತದೆ.

ಸನ್ನಿವೇಶ ಸಾಧಾರಣವಾಗಿರಲಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಕುಸಿದ ಹುಡುಗಿಯೊಬ್ಬಳು ಗೆಳತಿಯರ ಜೊತೆ ಊಟಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ. ಮೊದಲ ಸಲ ಗೆಳತಿ ‘ಅಯ್ಯೋ ಬಿಡೇ, ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೊಳ್ತಾರಾ’ ಎನ್ನುತ್ತಾಳೆ. ಅಲ್ಲಿ ನಿಲ್ಲಿಸಿ, ಆ ಮಾತು ಕೇಳಿಸಿಕೊಂಡ ಪಾತ್ರಧಾರಿಗೆ ಏನನ್ನಿಸಿತೆಂದು ಕೇಳಬೇಕು. ಎರಡನೇ ಸಲ ಇನ್ನೊಬ್ಬಳು ಬಂದು, ‘ಎರಡು ವಾರದಿಂದ ಊಟಕ್ಕೆ ಬಂದಿಲ್ಲ, ಏನಾಯ್ತು ಹೇಳು’ ಎಂದು ಕೇಳಿ ಸುಮ್ಮನೆ ಕಾಯುತ್ತಾಳೆ. ಮೂರನೇ ಸಲ ಹುಡುಗಿ ‘ನಾನಿಲ್ದೇ ಇದ್ರೇ ಚೆನ್ನಾಗಿತ್ತು’ ಎನ್ನುತ್ತಾಳೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳುವುದನ್ನೂ, ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡದೆ ಹಿರಿಯರೊಬ್ಬರ ಬಳಿ ಜೊತೆಗೆ ಹೋಗುವುದನ್ನೂ ಮಕ್ಕಳು ಇಲ್ಲಿ ಕಲಿಯುತ್ತಾರೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಇದು ಕೆಡುವುದು ಸಣ್ಣ ಕಾರಣಗಳಿಗೆ. ಕ್ಲಾಸ್ ಟೀಚರ್ ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ತಿದ್ದುತ್ತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಶುರುವಿಗೆ ಮಕ್ಕಳು ನಗುತ್ತಾರೆ, ಗದರಿದರೆ ತರಗತಿ ಅಲ್ಲಿಗೇ ಮುಗಿಯಿತು. ನಿಜವಾಗಿ ನೊಂದ ಮಗುವಿಗೇ ಆ ಪಾತ್ರ ಹಂಚುವುದಂತೂ ಕ್ರೌರ್ಯ.

ಪ್ರಶ್ನಾವಳಿ ಕೊಡುವ ಶಾಲೆಗಳಿಗೆ ಒಂದು ವಿನಂತಿ. ಖಿನ್ನತೆಗೆ ಹೆಚ್ಚು ಬಳಕೆಯಲ್ಲಿರುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಯದು ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ‘ಇಲ್ಲವೇ ಇಲ್ಲ’ ಬಿಟ್ಟು ಬೇರೇನೇ ಗುರುತು ಮಾಡಿದ್ದರೂ ಮಗು ಮನೆಗೆ ಹೋಗುವ ಮುನ್ನ, ಅಂದೇ, ಒಬ್ಬರು ಪ್ರತ್ಯೇಕವಾಗಿ ಮಾತಾಡಬೇಕು. ಕ್ಲಾಸ್ ಲೀಡರ್ ಕೈಯಲ್ಲಿ ಹಾಳೆ ಕೂಡಿಸಿ ಬೀರುವಿನಲ್ಲಿಡುವುದಾದರೆ ದಯವಿಟ್ಟು ಹಂಚಲೇಬೇಡಿ.

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅಂಕದ ಮೇಲೆ ಸೆಕ್ಷನ್ ಬೇರ್ಪಡಿಸುವುದನ್ನೂ ಎಲ್ಲರೆದುರು ಅವಮಾನಿಸುವುದನ್ನೂ ಬಿಡಬೇಕೆಂದಿದೆ. ಆದರೆ ನೇಮಿಸಿದವರನ್ನು ರಜೆ ಹಾಕಿದ ಶಿಕ್ಷಕರ ಬದಲಿಗೆ ಪಾಠಕ್ಕೆ ಕಳಿಸಿದರೆ, ಅಡ್ಮಿಷನ್ ಸಂದರ್ಶನಕ್ಕೆ ಕೂರಿಸಿದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ. ಅವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು, ಅದು ಮುಖ್ಯಶಿಕ್ಷಕರ ಕೋಣೆಯ ಪಕ್ಕದಲ್ಲಿ ಇರಬಾರದು.

ಎಂಟು ಮತ್ತು ಒಂಬತ್ತನೇ ತರಗತಿಯಲ್ಲೇ ಇದು ಆಗಬೇಕು. ಹತ್ತಕ್ಕೆ ಬಂದ ಮೇಲೆ ಸ್ಪೆಷಲ್ ಕ್ಲಾಸ್, ಪ್ರಿಪರೇಟರಿ ಎಂದು ಬಿಡುವೇ ಸಿಗುವುದಿಲ್ಲ. ಮೇ ಕೊನೆಯಲ್ಲಿ ವೇಳಾಪಟ್ಟಿ ಹಾಕುವಾಗಲೇ ಪಿರಿಯಡ್ ಎತ್ತಿಡಿ ಎಂದು ಪೋಷಕರು ಮತ್ತು ಎಸ್‌ಡಿಎಂಸಿ ಸದಸ್ಯರು ಕೇಳಲಿ. ಮಗುವಿಗೆ ವೈದ್ಯರ ನೆರವು ಬೇಕಾದಾಗ ಯಾವ ಆಸ್ಪತ್ರೆಗೆ, ಯಾರ ಜೊತೆ ಕಳಿಸುತ್ತೀರಿ ಎಂಬುದನ್ನೂ ಬರೆಸಿಕೊಳ್ಳಲಿ. ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುವ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಶಾಲಾ ಡೈರಿಯ ಮೊದಲ ಪುಟದಲ್ಲೇ ಅಚ್ಚಾಗಲಿ.

— ಶಾಲಾ ಆಪ್ತಸಮಾಲೋಚಕರ ಬಳಗ, ಬೆಂಗಳೂರು