ಅಮ್ಮನ್ನ ಕಳಿಸಿ ಅಪ್ಪ, ಏನೂ ಆಗಲ್ಲ

ಅಪ್ಪಾ,

ನಮಸ್ಕಾರ. ನಾವಿಲ್ಲಿ ಆರಾಮಿದೀವಿ, ನೀವೆಲ್ಲಾ ಚೆನ್ನಾಗಿದೀರ ಅಂದ್ಕೊಂಡಿದೀನಿ. ನಿಮ್ಮ ಕಾಗದ ನೋಡಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ, ಫೋನಲ್ಲಿ ಹೇಳೋಕೆ ಹೋದ್ರೆ ನೀವು ಸರಿ ಸರಿ ಬಿಡು ಅಂತ ಇಟ್ಬಿಡ್ತೀರ, ಅದ್ಕೇ ಬರೀತಿದೀನಿ. ಅಮೆರಿಕಾದಲ್ಲಿ ಆಸ್ಪತ್ರೇಲಿ ವೀಸಾ ಕೇಳ್ತಾರಂತೆ, ನಿಮ್ಮಮ್ಮಂಗೆ ಬಿಪಿ ಬೇರೆ, ಹುಷಾರು ತಪ್ಪಿ ಅಡ್ಮಿಟ್ ಆದ್ರೆ ಹಿಡ್ಕೊಂಡು ಹೋದ್ರೆ ಏನ್ ಗತಿ, ಬಾಣಂತನಕ್ಕೆ ಬರೋದೇ ಬೇಡ ಅಂದಿದೀರ. ದೊಡ್ಡಪ್ಪ ಎಲ್ಲಿ ಕೇಳ್ಕೊಂಡು ಬಂದ್ರೋ, ಅದ್ರಲ್ಲಿ ಅರ್ಧ ಮಾತ್ರ ನಿಜ.

ಕೇಳೋದು ಹೌದು. ನಮ್ಮ ಟೆಕ್ಸಾಸ್ ಗವರ್ನರ್ ಗ್ರೆಗ್ ಅಬಾಟ್ 2024ರ ಆಗಸ್ಟಲ್ಲಿ ಆರ್ಡರ್ ಹೊರಡಿಸಿದ್ರು, ನವೆಂಬರ್ 1ರಿಂದ ಆಸ್ಪತ್ರೆಗಳು ಈ ದೇಶದಲ್ಲಿರೋಕೆ ಪೇಪರ್ ಇಲ್ದೆ ಇರೋ ಪೇಷಂಟುಗಳ ಲೆಕ್ಕ ಇಡ್ಬೇಕು, ಅವ್ರ ಮೇಲೆ ಎಷ್ಟು ಖರ್ಚಾಯ್ತು ಅಂತ ಸರ್ಕಾರಕ್ಕೆ ಕೊಡ್ಬೇಕು ಅಂತ. ಫ್ಲೋರಿಡಾದಲ್ಲಿ ಅದ್ಕೂ ಮೊದ್ಲೇ, 2023ರಲ್ಲೇ ಇಂಥದ್ದೇ ಕಾನೂನು ಬಂತು. ಆದ್ರೆ ಉತ್ತರ ಏನೇ ಕೊಟ್ರೂ ಚಿಕಿತ್ಸೆಗೆ ತೊಂದ್ರೆ ಆಗಲ್ಲ ಅಂತ ಪೇಷಂಟಿಗೆ ಹೇಳ್ಬೇಕು ಅಂತ ಎರಡು ಕಡೇನೂ ಇದೆ, ಹೇಳೋಕೆ ಇಷ್ಟ ಇಲ್ಲ ಅಂದ್ರೂ ನಡಿಯತ್ತೆ. ಅಮ್ಮ ಬರೋದು ವಿಸಿಟರ್ ವೀಸಾದಲ್ಲಿ, ಏರ್‌ಪೋರ್ಟಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕೊಡ್ತಾರೆ, ಅಷ್ಟರೊಳಗೆ ವಾಪಸ್ ಬಂದ್ರೆ ಎಲ್ಲಾ ಕಾನೂನು ಪ್ರಕಾರಾನೇ. ಅವಳನ್ನ ಯಾರು ಯಾಕೆ ಹಿಡೀತಾರೆ ಹೇಳಿ?

ಇನ್ನೊಂದು, 1986ರಿಂದ ಇಡೀ ದೇಶಕ್ಕೇ ಒಂದು ಕಾನೂನಿದೆ, ಎಮರ್ಜೆನ್ಸಿಗೆ ಯಾರು ಬಂದ್ರೂ ದುಡ್ಡಿದ್ಯಾ ಪೇಪರ್ ಇದ್ಯಾ ಅಂತ ನೋಡ್ದೆ ಮೊದ್ಲು ಪರೀಕ್ಷೆ ಮಾಡಿ ಜೀವ ಉಳಿಸೋ ಚಿಕಿತ್ಸೆ ಕೊಡ್ಬೇಕು, ಹೆರಿಗೆ ನೋವೂ ಅದ್ರಲ್ಲಿ ಸೇರಿದೆ. ಬಿಲ್ ಆಮೇಲೆ ಬರತ್ತೆ, ಅದು ಚಿಕ್ಕದಲ್ಲ. ಅದ್ಕೇ ಇವ್ರು ಅಮ್ಮಂಗೆ ಇನ್ಶೂರೆನ್ಸ್ ನೋಡ್ತಿದಾರೆ, ಹಳೇ ಕಾಯಿಲೆಗೆ ಬಹಳಷ್ಟು ಪಾಲಿಸೀಲಿ ಕೊಡಲ್ಲ, ಬಿಪಿಗೆ ಕೊಡೋದು ಯಾವ್ದಿದೆ ಅಂತ ಹುಡುಕ್ತಿದಾರೆ.

ಅಪ್ಪ, ನಿಮ್ಮ ಹೆದರಿಕೆ ನಂಗೆ ಅರ್ಥ ಆಗತ್ತೆ, ಯಾಕಂದ್ರೆ ಅದನ್ನ ಇಲ್ಲೇ ಕಣ್ಣಾರೆ ನೋಡ್ತಿದೀನಿ. ನಮ್ಮ ಅಪಾರ್ಟ್‌ಮೆಂಟ್ ಕ್ಲೀನ್ ಮಾಡೋಕೆ ಬರೋ ಹೆಂಗಸು ಹೊಟ್ಟೆ ನೋವು ಇಟ್ಕೊಂಡೇ ಕೆಲ್ಸ ಮಾಡ್ತಿದ್ಲು, ಆಸ್ಪತ್ರೆಗೆ ಹೋಗು ಅಂದ್ರೆ ತಲೆ ಅಲ್ಲಾಡಿಸಿದ್ಲು. ಉತ್ತರ ಕೊಡೋದು ಬೇಡ ಅಂತ ಅವ್ಳಿಗೆ ಯಾರು ಹೇಳ್ಬೇಕು, ಹೇಳಿದ್ರೂ ನಂಬ್ತಾಳಾ? ಮೊದ್ಲೆಲ್ಲಾ ಇಮಿಗ್ರೇಷನ್‌ನವ್ರು ಆಸ್ಪತ್ರೆ, ಸ್ಕೂಲು, ಚರ್ಚ್ ಹತ್ರ ಸಾಮಾನ್ಯವಾಗಿ ಹಿಡಿಯಂಗಿಲ್ಲ ಅಂತ ಸೂಚನೆ ಇತ್ತು, 2025ರ ಜನವರೀಲಿ ಅದನ್ನೂ ತೆಗೆದ್ರು. ಲೆಕ್ಕಕ್ಕೆ ಅಷ್ಟೇ ಕೇಳ್ತೀವಿ ಅಂತಾರೆ, ಆದ್ರೆ ಕೇಳ್ತಾರೆ ಅನ್ನೋ ಸುದ್ದೀನೇ ಸಾಕು ಜನ ಬಾಗ್ಲಲ್ಲೇ ವಾಪಸ್ ಹೋಗೋಕೆ. ನೋಡಿ, ಮೂಡಿಗೇರೇಲಿ ಕೂತ ನಿಮಗೇ ಅದು ತಟ್ಟಿದೆ.

ನಮ್ಮ ಲೈನ್ ಮನೇಲಿರೋ ಅಸ್ಸಾಂ ಹುಡ್ಗಿಗೆ ರಾತ್ರಿ ನೋವು ಶುರುವಾದಾಗ ನೀವು ಆ ಮಳೇಲಿ ಜೀಪ್ ತೆಗೆದ್ರಲ್ಲ, ಆಗ ಆಧಾರ್ ಎಲ್ಲಿ ಅಂತ ಕೇಳಿದ್ರಾ? ಕುಯ್ಲಿಗೆ ಆ ಜನ ಬೇಕು, ಹುಷಾರಿಲ್ದಾಗ ನೀನ್ಯಾರು ಅನ್ನೋಕಾಗತ್ತಾ? ಇಲ್ಲೂ ಮನೆ ಕಟ್ಟೋರು, ಹುಲ್ಲು ಕತ್ತರಿಸೋರು, ಅಡುಗೆ ಮನೇಲಿ ಪಾತ್ರೆ ತೊಳೆಯೋರು ಬಹಳಷ್ಟು ಅಂಥವ್ರೇ. ಆಸ್ಪತ್ರೇಲಿ ಹೀಗೆ ಪೇಪರ್ ಕೇಳೋದು ತಪ್ಪು ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಇನ್ನು ಇಲ್ಲಿನ ಆಸ್ಪತ್ರೆ ಬಗ್ಗೆ ಯೋಚ್ನೇನೇ ಬೇಡ. ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಮೆಡಿಕಲ್ ಸೆಂಟರ್ ಅಂತಿದೆ, ಆಸ್ಪತ್ರೆಗಳದ್ದೇ ಒಂದು ಊರು, ಅದ್ರೊಳಗೇ ರೈಲು ಓಡತ್ತೆ. ಭಾಷೆ ಬರಲ್ಲ ಅಂದ್ರೆ ಫೋನಲ್ಲಿ ದುಭಾಷಿ ಹಿಡ್ಕೊಡ್ತಾರೆ. ಹೆರಿಗೆ ಆಗಿ ಮನೆಗೆ ಹೊರಟೋರು ನಡೀತೀನಿ ಅಂದ್ರೂ ಬಿಡಲ್ವಂತೆ, ವೀಲ್‌ಚೇರಲ್ಲಿ ಕೂರಿಸಿ ಕಾರಿನ ತನಕ ತಳ್ಕೊಂಡು ಬರ್ತಾರಂತೆ, ಅಮ್ಮ ನೋಡಿದ್ರೆ ನಗ್ತಾಳೆ.

ನಂಗೆ ಅಮ್ಮ ಬೇಕು ಅಪ್ಪ. ಡಾಕ್ಟ್ರು ಎಲ್ಲಾ ಸರಿಯಾಗಿದೆ ಅಂದಿದಾರೆ, ನಾನು ಊಟ ಮಾಡ್ತೀನಿ, ಚೆನ್ನಾಗಿ ನಿದ್ದೇನೂ ಬರತ್ತೆ, ಏನೇನೂ ತೊಂದ್ರೆ ಇಲ್ಲ, ನಿಜವಾಗ್ಲೂ ಇಲ್ಲ. ಆದ್ರೂ ಬೇಕು.

ಬಿಪಿ ಮಾತ್ರೆ ತಗೊಂಡು ಡಾಕ್ಟರ್ ಚೀಟಿ ಜೊತೆ ಕೈ ಬ್ಯಾಗಲ್ಲೇ ಇಡೋಕೆ ಹೇಳಿ, ಲಗೇಜಿಗೆ ಹಾಕ್ಬೇಡಿ. ಮೆಣಸು ಕುಯ್ಲು ಮುಗೀತಾ? ಅಕ್ಕ ಭಾವಂಗೆ ಕೇಳ್ದೆ ಅಂತ ಹೇಳಿ. ಇವ್ರು ಬಂದ್ರು, ಊಟಕ್ಕಿಡ್ಬೇಕು, ಇಡ್ತೀನಿ.

ನಿಮ್ಮ ಮಗಳು