ದೊಡ್ಡ ಠಾಣೆಯ ಮಾವಿನ ಮರ

ಪ್ರೀತಿಯ ಗೆಳೆಯಾ,

ಆಫೀಸಿನ ಕೆಲಸಕ್ಕೆ ಹಾಂಗ್‌ಕಾಂಗ್‌ಗೆ ಬಂದಿದ್ದೇನೆ. ನಿನ್ನೆ ಮಧ್ಯಾಹ್ನ ಬಿಡುವಿತ್ತು. ಜೊತೆಯವರೆಲ್ಲ ಶಾಪಿಂಗ್‌ಗೆ ಹೊರಟರು, ನಾನು ಪೊಲೀಸ್ ಠಾಣೆಗೆ ಹೋದೆ. ಗಾಬರಿಯಾಗಬೇಡ ಮಾರಾಯ, ಅಲ್ಲೀಗ ಪೊಲೀಸರಿಲ್ಲ.

ಅದರ ಹೆಸರು ತೈಕ್ವುನ್. ಕ್ಯಾಂಟನೀಸಿನಲ್ಲಿ 'ದೊಡ್ಡ ಠಾಣೆ' ಅಂತ ಅರ್ಥ. ಠಾಣೆ, ಕೋರ್ಟು, ಜೈಲು ಮೂರೂ ಒಂದೇ ಕಾಂಪೌಂಡಿನಲ್ಲಿ. ಹಿಡಿದು, ವಿಚಾರಿಸಿ, ಒಳಗೆ ಹಾಕಲು ಜೀಪೇ ಬೇಡ! ಜೈಲು 2006ರಲ್ಲಿ ಮುಚ್ಚಿತು. ಎಲ್ಲ ದುರಸ್ತಿಯಾಗಿ 2018ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಒಳಗೆ ಹೋಗಲು ದುಡ್ಡಿಲ್ಲ.

ಜನ ನುಗ್ಗುವುದು ಜೈಲಿನ ಕಡೆಗೇ. 1931ರಲ್ಲಿ ವಿಯೆಟ್ನಾಂ ಸ್ವಾತಂತ್ರ್ಯ ಹೋರಾಟದ ನಾಯಕ ಹೋ ಚಿ ಮಿನ್‌ರನ್ನು ಆಗ ಇಲ್ಲಿ ಆಳುತ್ತಿದ್ದ ಬ್ರಿಟಿಷರು ಇಲ್ಲೇ ಕೂಡಿಹಾಕಿದ್ದರು. ಈಗ ಕೆಲವು ಸೆಲ್ಲುಗಳಲ್ಲಿ ಬಾರ್ ನಡೆಯುತ್ತಿದೆ. ನನಗಂತೂ ಅಲ್ಲಿ ಕೂತು ಕುಡಿಯಲು ಮನಸ್ಸು ಬರಲಿಲ್ಲ.

ನಾನು ಜಾಸ್ತಿ ಹೊತ್ತು ನಿಂತದ್ದು ಪೊಲೀಸರು ವಾಸವಿದ್ದ ಬ್ಯಾರಕ್ಕಿನಲ್ಲಿ. 1864ರ ಕಟ್ಟಡ. ಮೊದಲಿಗೆ ಮೂರಂತಸ್ತು, 1905ರಲ್ಲಿ ಮೇಲೆ ಇನ್ನೊಂದು ಏರಿಸಿದರು. ಉದ್ದುದ್ದ ವರಾಂಡ, ಎದುರಿಗೆ ಪೆರೇಡ್ ಗ್ರೌಂಡ್. ಅಲ್ಲಿ ನಿಂತಾಗ ನಿಮ್ಮ ಪೊಲೀಸ್ ಲೈನ್ ನೆನಪಾಯಿತು ಕಣೋ. ಜಗಲಿಯಲ್ಲಿ ಕೂತು ನಿಮ್ಮ ಅಪ್ಪಾಜಿ ಬೆಲ್ಟಿನ ಬಕಲ್‌ಗೆ ಬ್ರಾಸೋ ಹಚ್ಚಿ ತಿಕ್ಕುತ್ತಿದ್ದರು, ಅಲ್ವಾ? ನಾವು ಮುಟ್ಟಿದರೆ ಬೈಗುಳ.

ಇಲ್ಲೂ ನಮ್ಮ ದೇಶದವರು ಬಕಲ್ ತಿಕ್ಕಿದ್ದಾರೆ. 1860ರ ದಶಕದಲ್ಲೇ ಸಿಖ್ಖರನ್ನು ಪೊಲೀಸ್ ಕೆಲಸಕ್ಕೆ ಕರೆಸಿಕೊಂಡಿದ್ದರು. ಮುಂದೆ ಪೊಲೀಸರ ನಂಬರಿಗೆ ಒಂದೊಂದು ಅಕ್ಷರ ಅಂಟಿಸಿದರು. ಯುರೋಪಿನವರಿಗೆ ಎ, ನಮ್ಮವರಿಗೆ ಬಿ, ಕ್ಯಾಂಟನೀಸರಿಗೆ ಸಿ, ಉತ್ತರ ಚೀನಾದ ವೇಹೈವೇಯಿಂದ ಬಂದವರಿಗೆ ಡಿ. ಸಂಬಳವೂ ಬೇರೆ ಬೇರೆ. ಹೋ ಚಿ ಮಿನ್ ಕಥೆ ಎಲ್ಲರಿಗೂ ಗೊತ್ತು. ಊರು ಬಿಟ್ಟು, ಭಾಷೆ ಬಾರದ ಕಡೆ ಬಂದು, ರಾತ್ರಿ ಬೀಟ್ ಮುಗಿಸಿ ಈ ಮೆಟ್ಟಿಲು ಹತ್ತುತ್ತಿದ್ದ ಬಿ ನಂಬರಿನವನ ಬಗ್ಗೆ ನನಗೆ ಕುತೂಹಲ. ಊರಿಗೆ ಏನಂತ ಕಾಗದ ಬರೆಯುತ್ತಿದ್ದನೋ!

ಹಾಂ, ಹೇಳಲೇಬೇಕಾದ್ದು ಮರೆತೆ. ಪೆರೇಡ್ ಗ್ರೌಂಡಿನಲ್ಲಿ ಒಂದು ಹಳೇ ಮಾವಿನ ಮರವಿದೆ. ಕಾಯಿ ಚೆನ್ನಾಗಿ ಬಿಟ್ಟ ವರ್ಷ ಪ್ರಮೋಷನ್ ಗ್ಯಾರಂಟಿ ಅಂತ ಪೊಲೀಸರು ನಂಬಿದ್ದರಂತೆ. ಅಪ್ಪಾಜಿಗೆ ಹೇಳು. ರಿಟೈರ್ ಆಗುವವರೆಗೂ ಕಾದರಲ್ಲ ಪಾಪ. ನಿಮ್ಮ ಲೈನಿನಲ್ಲಿ ಇದ್ದದ್ದು ಹುಣಸೆ ಮರ, ಎಡವಟ್ಟಾದದ್ದು ಅಲ್ಲೇ ಇರಬೇಕು.

ಇಂತಿ,
ನಿನ್ನ ಹಳೇ ದೋಸ್ತ